ಅತ್ತೆಯ ಮೊಬೈಲಿನಲ್ಲಿ ನಾನು

ಮನೆಯ ಬಗ್ಗೆ ಬರೆದು ಬದುಕುವ ನನಗೆ ಮನೆಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ವಾಷಿಂಗ್ ಮೆಷಿನ್ನಿನಿಂದ ವಾಸನೆ ಬಂದರೆ ಏನು ಮಾಡಬೇಕು, ಇನ್ವರ್ಟರ್ ಬ್ಯಾಟರಿಗೆ ಯಾವಾಗ ನೀರು ಹಾಕಬೇಕು, ಊಟದ ಹೊತ್ತಿಗೆ ಮಕ್ಕಳ ಕೈಯಿಂದ ಮೊಬೈಲು ಬಿಡಿಸುವುದು ಹೇಗೆ, ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಹೊಂದಿಕೊಳ್ಳುವುದು ಹೇಗೆ, ಯಾರು ಏನು ಕೇಳಿದರೂ ಬರೆದುಕೊಡುತ್ತೇನೆ. ಪತ್ರಿಕೆಯ ಪುರವಣಿಗೂ ಸೈ, ವೆಬ್‌ಸೈಟಿಗೂ ಸೈ, ಮಿಕ್ಸಿಯ ಕೈಪಿಡಿಯನ್ನು ಕನ್ನಡಕ್ಕೆ ತರುವುದಕ್ಕೂ ಸೈ. ಆದರೆ ಸಾಗರದ ನಮ್ಮ ಮನೆಯ ಮೇಜಿನ ಮುಂದೆ ಕೂತರೆ ಅರ್ಧ ಗಂಟೆಯೊಳಗೆ ಚಡಪಡಿಕೆ ಶುರುವಾಗುತ್ತದೆ. ಕುಕ್ಕರಿನ ಸೀಟಿ, ಬೀದಿಯಲ್ಲಿ ಮೀನಿನ ಗಾಡಿಯ ಹಾರ್ನು, ಯಾವುದೂ ಕಾರಣವಲ್ಲ. ಸದ್ದೇ ಇಲ್ಲದ ದಿನವೂ ಎದ್ದು ಹೋಗಬೇಕು ಅನ್ನಿಸುತ್ತದೆ.

ಹಾಗಾಗಿ ಹೋಗುತ್ತೇನೆ. ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಮೊದಲು ಸಿಕ್ಕ ಬಸ್ಸು ಹತ್ತುತ್ತೇನೆ. ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಮೊದಲ ಸಾಲು ತಲೆಯಲ್ಲಿ ಸಿದ್ಧವಾಗಿರುತ್ತದೆ. ಹೊಸನಗರದ ಹೋಟೆಲಿನ ಮೂಲೆಯಲ್ಲಿ ಕೂತು ಅರ್ಧ ಬರೆದು, ಅಲ್ಲಿಯೂ ಬೇಸರ ಬಂದರೆ ತೀರ್ಥಹಳ್ಳಿಯ ಬಸ್ಸು. ಕೆಲವು ದಿನ ನಿಜಕ್ಕೂ ಕೆಲಸವಿರುತ್ತದೆ, ಯಾರನ್ನಾದರೂ ಕಂಡು ಮಾತಾಡಿಸಬೇಕಾಗಿರುತ್ತದೆ. ಉಳಿದ ದಿನ ಏನೂ ಇರುವುದಿಲ್ಲ. ಮನೆಮಂದಿಯೊಂದಿಗೆ ಭಾನುವಾರ ಕಳೆಯುವ ಸುಖದ ಬಗ್ಗೆ ಒಂದು ಲೇಖನವನ್ನು, ಭಾನುವಾರವೇ, ಕೋಣಂದೂರಿನಲ್ಲಿ ಬಸ್ಸಿಗೆ ಕಾಯುತ್ತ ಒಬ್ಬಳೇ ಕೂತು ಬರೆದು ಮುಗಿಸಿದವಳು ನಾನು.

ಮನೆಯಲ್ಲಿ ಮಾತ್ರ ಪ್ರತಿ ಸಲವೂ ‘ಕೆಲಸ ಇದೆ’ ಎಂದೇ ಹೇಳುತ್ತೇನೆ. ಗಂಡಸು ಚಾ ಕುಡಿದು ಬರುತ್ತೇನೆ ಎಂದು ಹೋಗಿ ಸಂಜೆಗೆ ಮರಳಿದರೆ ಯಾರೂ ಕೇಳುವುದಿಲ್ಲ. ಹೆಂಗಸು ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತೇನೆ ಎಂದರೆ ಮನೆಯಲ್ಲಿ ಏನೋ ಆಗಿದೆ ಎಂದು ಇಡೀ ಬೀದಿ ಲೆಕ್ಕ ಹಾಕುತ್ತದೆ. ಈ ಗೊತ್ತುಗುರಿಯಿಲ್ಲದ ಅಲೆತವೊಂದೇ ನನ್ನದು ಅಂತ ಇದ್ದದ್ದು. ಅದೂ ತಪ್ಪಿದರೆ ಮೇಜಿನ ಮುಂದೆ ಕೂತು ಹುಚ್ಚು ಹಿಡಿಸಿಕೊಳ್ಳುತ್ತೇನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅದಕ್ಕೆ ನಾನೇ ಕಲ್ಲು ಹಾಕಿಕೊಂಡೆ. ಪುರವಣಿಯ ಸಂಪಾದಕಿ ಫೋನು ಮಾಡಿ, ಮನೆಯವರೆಲ್ಲ ಎಲ್ಲೆಲ್ಲಿದ್ದಾರೆ ಎಂದು ಮೊಬೈಲಿನ ನಕ್ಷೆಯಲ್ಲೇ ತೋರಿಸುವ ಆ್ಯಪ್‌ಗಳ ಬಗ್ಗೆ ಬರೆಯಿರಿ, ಸ್ವಲ್ಪ ದಿನ ಮನೆಯಲ್ಲೇ ಬಳಸಿ ನೋಡಿ ಬರೆದರೆ ಚೆನ್ನ ಎಂದರು. ಒಪ್ಪಿಕೊಂಡೆ. ಜೆರಾಕ್ಸ್ ಅಂಗಡಿ ನಡೆಸುವ ಗಂಡನ ಫೋನಿಗೆ ಹಾಕಿದೆ, ಅತ್ತೆಯ ಫೋನಿಗೂ ಹಾಕಿದೆ. ಗಂಡ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ. ಅತ್ತೆ ಮನೆಯಲ್ಲಿ. ಅವರಿಗೆ ಬಸ್ಸು ಆಗುವುದಿಲ್ಲ. ಎರಡು ತಿರುವು ದಾಟಿದರೆ ಹೊಟ್ಟೆ ತೊಳಸಿ ವಾಂತಿ. ನಿಂಬೆಹಣ್ಣು ಮೂಸಿದರೂ ಇಲ್ಲ, ಮಾತ್ರೆ ನುಂಗಿದರೂ ಇಲ್ಲ. ಇಲ್ಲೇ ಹತ್ತಿರದ ವರದಹಳ್ಳಿಗೆ ಆಟೋದಲ್ಲಿ ಹೋಗಿಬಂದರೂ ಮಾರನೇ ದಿನ ಮಲಗಿಯೇ ಇರುತ್ತಾರೆ. ಅಂದರೆ ಆ ನಕ್ಷೆಯಲ್ಲಿ ಓಡಾಡುವ ಚುಕ್ಕೆ ನನ್ನದೊಂದೇ. ಇದು ನನಗೆ ಹೊಳೆಯುವ ಹೊತ್ತಿಗೆ ಅತ್ತೆ ಧಾರಾವಾಹಿ ಬಿಟ್ಟು ನನ್ನನ್ನು ನೋಡಲು ಶುರು ಮಾಡಿದ್ದರು.

ಮೊದಲ ವಾರದಲ್ಲೇ ಹಿನ್ನೀರಿನಾಚೆಯ ತುಮರಿಗೆ ಹೋಗುವುದಿತ್ತು. ಸಿಗ್ನಲ್ ಸರಿಯಾಗಿ ಸಿಗದ ಕಡೆ ಮನೆಗಳವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಹೇಗೆ ಎಂದು ಬರೆಯುವುದಿತ್ತು. ಹಿನ್ನೀರಿಗೆ ಈಗ ಸೇತುವೆಯಾಗಿದೆ, ಲಾಂಚಿಗೆ ಕಾಯುವ ಪ್ರಮೇಯವಿಲ್ಲ. ಸೇತುವೆಯ ನಡುವೆ ನನ್ನ ಫೋನಿನ ಸಿಗ್ನಲ್ ಹೋಯಿತು. ತುಮರಿಯಲ್ಲಿ ಮೂರು ಮನೆ ಸುತ್ತಿ, ಕೊಟ್ಟದ್ದನ್ನೆಲ್ಲ ತಿಂದು, ಸಂಜೆ ವಾಪಸು ಈಚೆ ದಡಕ್ಕೆ ಬಂದಾಗ ಫೋನು ಒಂದೇ ಸಮನೆ ಕಿರುಚತೊಡಗಿತು. ಅಷ್ಟೂ ಗಂಡನ ಕರೆಗಳು.

ಆಗಿದ್ದೇನೆಂದರೆ, ಅತ್ತೆಯ ಫೋನಿನ ನಕ್ಷೆಯಲ್ಲಿ ಸೇತುವೆಯೇ ಇರಲಿಲ್ಲ. ಬರೀ ನೀಲಿ ನೀರು, ಅದರ ನಟ್ಟನಡುವೆ ನಾನು. ಮಧ್ಯಾಹ್ನವಿಡೀ ಅಲ್ಲಾಡದೆ ಅಲ್ಲೇ ಇದ್ದೆ. ಅತ್ತೆ ಮಗನಿಗೆ ಫೋನು ಮಾಡಿ ಹೇಳಿದ್ದಾರೆ. ಸೇತುವೆ ಇರುವುದು ಗೊತ್ತಿದ್ದ ಅವನೂ ನಕ್ಷೆ ನೋಡಿ ಗಾಬರಿಯಾಗಿ, ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದಾನೆ. ನಾನು ಮನೆ ಹೊಕ್ಕಾಗ ಅತ್ತೆ ಜಗಲಿಯಲ್ಲಿ ಫೋನು ಹಿಡಿದೇ ಕೂತಿದ್ದರು.

“ನೀರಲ್ಲಿ ಎಂತಕ್ಕೆ ಅಷ್ಟೊತ್ತು ನಿಂತೆ?” ಅಂದರು.

“ನಿಂತಿದ್ದು ಚುಕ್ಕೆ ಅತ್ತೆ, ನಾನಲ್ಲ.”

“ಮುಂದೆ ಹೋಗ್ಬೇಕಿತ್ತಪ್ಪ,” ಎಂದು ಗೊಣಗಿ ಒಳಗೆ ಹೋದರು. ಅದನ್ನು ಬೈಗುಳವೆಂದೇ ತಿಳಿದೆ.

ಆಮೇಲೆ ದಿನವೂ ವಿಚಾರಣೆ. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ. ಹೊಸನಗರದಲ್ಲಿ ಅಷ್ಟೊತ್ತು ಎಂತ ಮಾಡ್ದೆ? ತೀರ್ಥಹಳ್ಳಿಗೆ ಹೋದವಳು ಕುಪ್ಪಳ್ಳಿವರೆಗೆ ಹೋಗಿ ಇಳಿಯದೆ ಯಾಕೆ ತಿರುಗಿ ಬಂದೆ? ಹೊಳೆ ದಂಡೆಗೆ ಇಳಿದಿದ್ಯಲ್ಲ, ನೀರು ಎಷ್ಟಿತ್ತು? ಬೇಕಂತಲೇ ಕೇಳುತ್ತಿದ್ದಾರೆ ಎಂದು ಮೈ ಉರಿಯುತ್ತಿತ್ತು. ಕೆಲಸವಿಲ್ಲದೆ ಹೋದ ದಿನಗಳಲ್ಲಂತೂ ಉತ್ತರ ಹೊಸೆಯುವುದೇ ಒಂದು ಕೆಲಸ. ಬಸ್ಸಿನಲ್ಲಿ ಲೇಖನದ ಸಾಲು ಹೊಳೆಯುತ್ತಿದ್ದ ಜಾಗದಲ್ಲಿ ಈಗ ಸುಳ್ಳುಗಳು ಹೊಳೆಯತೊಡಗಿದವು. ಒಂದು ದಿನ ಹೊಸನಗರದಲ್ಲಿ ಇಳಿಯದೆ ಮುಂದಿನ ನಗರ ಎಂಬ ಊರಿನ ಕಡೆಗೆ ಹೊರಟಿದ್ದವಳು, ಅತ್ತೆಗೆ ಏನು ಹೇಳುವುದು ಎಂದು ಹೆದರಿ ನಡುದಾರಿಯಲ್ಲೇ ಇಳಿದು ವಾಪಸು ಬರುವ ಬಸ್ಸು ಹತ್ತಿದೆ. ಮನೆ ತಲುಪುವವರೆಗೂ ನನ್ನ ಮೇಲೆ ನನಗೇ ಅಸಹ್ಯ. ಈ ವಯಸ್ಸಿನಲ್ಲಿ ಅಪ್ಪಣೆ ಕೇಳಿಕೊಂಡು ಕಿಟಕಿಯಾಚೆ ನೋಡಬೇಕೇ?

ಆ ಸಿಟ್ಟಿನಲ್ಲೇ ಲೇಖನ ಬರೆದೆ. ಕುಟುಂಬವೆಂದರೆ ಕಾವಲಲ್ಲ, ಮನೆಯವರ ಕಣ್ಣಿಗೆ ಬೀಳದಿರುವ ಹಕ್ಕೂ ಮನೆಯ ಪ್ರತಿಯೊಬ್ಬರಿಗೂ ಇರಬೇಕು ಎಂದೆಲ್ಲ ಚೆನ್ನಾಗಿಯೇ ಬಂತು. ಕಳಿಸಿದ ಕೂಡಲೇ ನನ್ನ ಚುಕ್ಕೆಯನ್ನು ಆಫ್ ಮಾಡಿದೆ. ಪ್ರಯೋಗ ಮುಗಿಯಿತು ಎಂದು ಮನೆಯಲ್ಲಿ ಹೇಳಿದೆ. ಗಂಡನಿಗೆ ಅದು ಇದ್ದದ್ದೂ ನೆನಪಿರಲಿಲ್ಲ. ಅತ್ತೆ “ಹೌದಾ” ಅಂದರು, ಅಷ್ಟೇ.

ಮಾರನೇ ದಿನವೇ ತೀರ್ಥಹಳ್ಳಿಗೆ ಹೋದೆ. ಮನಸೋ ಇಚ್ಛೆ ತಿರುಗಿದೆ. ಆದರೂ ಯಾಕೋ ಹಾಯೆನಿಸಲಿಲ್ಲ. ತುಂಗೆಯ ಸೇತುವೆಯ ಮೇಲೆ ನಿಂತಾಗ ಕೈ ತಾನಾಗಿ ಫೋನಿನ ಕಡೆ ಹೋಯಿತು. ಬರುವ ದಾರಿಯಲ್ಲಿ, ಅಭ್ಯಾಸಬಲದಿಂದ, ಒಂದು ಸುಳ್ಳನ್ನೂ ಹೊಸೆದುಕೊಂಡೆ. ಮನೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಅತ್ತೆ ಟಿವಿ ಮುಂದೆ ಕೂತಿದ್ದರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ ಎನ್ನುವ ನನ್ನ ಬುದ್ಧಿಗೆ ಏನು ಹೇಳಲಿ?

ಕೊನೆಗೆ ಒಂದು ಸಂಜೆ ಅವರೇ ಬಾಯಿ ಬಿಟ್ಟರು. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದರು, ನಾನು ಎದುರಿಗೆ ಕೂತು ಕೈಜೋಡಿಸಿದ್ದೆ.

“ಇವತ್ತು ನನ್ನ ಬಿಟ್ಟು ಎಲ್ಲಿಗೆ ಹೋಗಿದ್ದೆ?” ಅಂದರು.

“ನಿಮ್ಮನ್ನ ಬಿಟ್ಟು ಅಂದ್ರೆ? ನೀವು ಯಾವತ್ತು ಬಂದಿದ್ರಿ?”

“ದಿನಾ ಬರ್ತಿದ್ನಲ್ಲೆ,” ಅಂದರು, ಇದೇನು ಕೇಳುವ ಮಾತೇ ಎಂಬಂತೆ. “ಹೊಸನಗರಕ್ಕೆ ಎಷ್ಟು ಸಲ ಹೋದ್ವಿ, ತೀರ್ಥಹಳ್ಳಿಗೆ ಹೋದ್ವಿ. ಮದ್ವೆಯಾಗಿ ಈ ಊರಿಗೆ ಬಂದ್ಮೇಲೆ ನಾನು ಇಷ್ಟು ತಿರುಗಿದ್ದೇ ಇಲ್ಲ ಮಾರಾಯ್ತಿ. ವಾಂತಿನೂ ಇಲ್ಲ, ಎಂತದೂ ಇಲ್ಲ. ಆವತ್ತೊಂದಿನ ಹೊಳೆ ಮೇಲಿಂದ ಬ್ಯಾಕೋಡಿಗೆ ಹೋಗ್ತಿ, ಅಪ್ಪನ ಮನೆ ಬಾಗ್ಲು ಕಾಣ್ತದೆ ಅಂತ ಊಟ ಬಿಟ್ಟು ಕೂತಿದ್ದೆ. ನೀರಲ್ಲೇ ನಿಂತ್ಬಿಟ್ಟೆ ನೀನು.”

ತುಮರಿಯಿಂದ ಅತ್ತೆಯ ತವರು ಬ್ಯಾಕೋಡಿಗೆ ಇನ್ನೆಷ್ಟು ದೂರ? ಹೋಗಿದ್ದರೂ ಚುಕ್ಕೆ ಹೋಗುತ್ತಿರಲಿಲ್ಲ, ಅದು ಬೇರೆ. ಹೋಗಬೇಕೆಂದು ನನಗೆ ಹೊಳೆದಿರಲೂ ಇಲ್ಲ. ಆ ತಪ್ಪನ್ನು ಮುಚ್ಚಿಕೊಳ್ಳಲು ಜೋರಾಗಿಯೇ ಅಂದೆ, “ಹಾಗಾದ್ರೆ ದಿನಾ ಪ್ರಶ್ನೆ ಯಾಕೆ ಹಾಕ್ತಿದ್ರಿ? ಪೊಲೀಸ್ರ ಹಾಗೆ?”

“ಚುಕ್ಕೆಲಿ ಎಂತ ಕಾಣ್ತದೆ ಹೇಳು? ಹೊಳೆಲಿ ನೀರೆಷ್ಟಿದೆ ಅಂತ ಕಾಣ್ತದಾ? ಕೇಳ್ಬೇಕಲ್ಲ.” ಒಂದು ಬೀಜ ಸುಲಿದು ಪಾತ್ರೆಗೆ ಹಾಕಿದರು. “ಮತ್ತೆ ಒಂದು ಹೇಳ್ತೀನಿ, ಬೇಜಾರು ಮಾಡ್ಕಬೇಡ. ನಿಂಗೆ ಕೆಲ್ಸ ಇದ್ದ ದಿನ ಮಜಾ ಇರ್ತಿರ್ಲಿಲ್ಲ. ಸೀದಾ ಹೋಗ್ತಿ, ಸೀದಾ ಬರ್ತಿ. ಕೆಲ್ಸ ಇಲ್ದೆ ಹೋಗ್ತಿದ್ಯಲ್ಲ, ಆವಾಗ್ಲೇ ಚಂದ.”

ಅಂದರೆ ಎಲ್ಲವೂ ಗೊತ್ತಿತ್ತು. ನಾನು ಅಷ್ಟು ಕಷ್ಟಪಟ್ಟು ಹೊಸೆದ ಸುಳ್ಳುಗಳನ್ನೆಲ್ಲ ಈ ಹೆಂಗಸು ನೆಮ್ಮದಿಯಾಗಿ ಕೇಳಿಸಿಕೊಂಡು ಕೂತಿದ್ದರು. ಸಿಟ್ಟು ಬಂತು, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಒಟ್ಟೊಟ್ಟಿಗೇ ಬಂದವು. ಕೈ ತೊಳೆದು ಫೋನು ತಂದೆ. ಅತ್ತೆಯ ಎದುರೇ ಚುಕ್ಕೆಯನ್ನು ಮತ್ತೆ ಆನ್ ಮಾಡಿದೆ. ಅಷ್ಟರಲ್ಲಿ ಪುರವಣಿಯಲ್ಲಿ ನನ್ನ ಲೇಖನ ಅಚ್ಚಾಗಿತ್ತು, ಓದಿದವರು ಮೆಚ್ಚಿಯೂ ಇದ್ದರು. ಅದರ ಒಂದು ಮಾತನ್ನೂ ನಾನು ಇವತ್ತಿಗೂ ತೆಗೆದುಹಾಕುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ.

ಮಾರನೇ ಬೆಳಿಗ್ಗೆ ನಾನು ಬ್ಯಾಗು ಹೆಗಲಿಗೇರಿಸುವಾಗ ಗಂಡ ತಟ್ಟೆಯಿಂದ ತಲೆಯೆತ್ತಿ ಕೇಳಿದ, “ಇವತ್ತೆಲ್ಲಿಗೆ? ಎಂತ ಕೆಲ್ಸ?”

ನನಗೆ ಕೆಲಸವಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಮುಂದಿದ್ದ ಅತ್ತೆ, ಕಾವಲಿಯಿಂದ ಕಣ್ಣು ತೆಗೆಯದೆ, “ಹೊಸನಗರದಲ್ಲಿ ಕೆಲ್ಸ ಇದೆ ನಮಗೆ, ನೀನು ದೋಸೆ ತಿನ್ನು,” ಎಂದರು.