ಸಿಹಿ ವಾಸನೆಯ ಥಿನ್ನರ್

ನಮ್ಮ ಚಪ್ಪಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಟಕ್ಕ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಅಟ್ಟೆಗಳಿಗೆ ಅಂಟು ಹಚ್ಚಿದವಳು. ಬ್ರಷ್ಷನ್ನು ಬಟ್ಟಲಿಗೆ ಅದ್ದಿ, ಅಂಚಿಗೆ ಒರೆಸಿ, ಹಿಮ್ಮಡಿಯಿಂದ ತುದಿಯವರೆಗೆ ಒಂದೇ ಎಳೆತ. ಬಾಯಿ ಮಾತ್ರ ಜೋರು. "ಇವಳ ನಾಲಿಗೆಗೂ ಒಂಚೂರು ಅಂಟು ಹಚ್ರೇ" ಎಂದು ನಾವು ಹೊಲಿಗೆ ಸಾಲಿನವರು ನಗುತ್ತಿದ್ದೆವು.

ಅಂಟು ಗಟ್ಟಿಯಾದರೆ ಡಬ್ಬದಿಂದ ಥಿನ್ನರ್ ಸುರಿದುಕೊಳ್ಳಬೇಕು. ನೀರಿನಷ್ಟು ತಿಳಿ, ಮೂಗಿಗೆ ಸಿಹಿ. ಸಂಜೆ ಕೈ ತೊಳೆಯುವುದೂ ಅದರಲ್ಲೇ. ಧೂಳು ಕೂತರೆ ಮಾಲು ಕೆಡುತ್ತದೆಂದು ಕಿಟಕಿಗಳನ್ನು ಮುಚ್ಚಿಸಿದ್ದರು. ಮಾಲು ಕೆಡಬಾರದು. ಹೆಂಗಸರ ಮೈ ಕೆಟ್ಟರೆ ಪರವಾಗಿಲ್ಲ.

ತನ್ನ ತಂಗಿಯನ್ನು ಪಕ್ಕದ ಮೇಜಿಗೆ ಸೇರಿಸಿದ್ದು ಅಂಟಕ್ಕನೇ. "ನನ್ ಕಣ್ಣೆದುರೇ ಇರ್ತಾಳೆ ಸಾರ್" ಎಂದು ಮೇನೇಜರನ್ನು ಕೇಳಿಕೊಂಡಿದ್ದಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗಿ ಒಂದು ಮಹಡಿ ಹತ್ತಿದರೆ ಏದುಸಿರು ಬಿಡತೊಡಗಿದಳು. ಹಲ್ಲುಜ್ಜಿದರೆ ರಕ್ತ. ಮೇಜಿಗೆ ಸ್ವಲ್ಪ ತಾಗಿದರೂ ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ. ವಾರಕ್ಕೊಮ್ಮೆ ಬರುವ ಕಾರ್ಖಾನೆಯ ಡಾಕ್ಟರು ತಲೆಯೆತ್ತಿ ನೋಡದೆ ಕಬ್ಬಿಣದ ಮಾತ್ರೆ ಬರೆದರು. "ಚೆನ್ನಾಗಿ ಸೊಪ್ಪು ತಿನ್ನಮ್ಮ" ಎಂದರು. ಆರು ತಿಂಗಳು ಸೊಪ್ಪು ತಿಂದಳು.

ಕೊನೆಗೆ ಅಂಟಕ್ಕ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತದ ವರದಿ ನೋಡಿದ ಡಾಕ್ಟರಮ್ಮ, ಅದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಏನು ಕೆಲಸ ಮಾಡ್ತೀರಿ?"

"ಚಪ್ಪಲಿಗೆ ಅಂಟು ಹಚ್ತೀವಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಂಟಿಗೆ ಬೆರೆಸೋದರ ವಾಸನೆ ಹೇಗಿರುತ್ತೆ?"

"ಸಿಹಿ. ಬೆಳಗ್ಗೆ ತಲೆ ತಿರುಗುತ್ತೆ, ಆಮೇಲೆ ಒಗ್ಗಿ ಹೋಗುತ್ತೆ."

"ಒಗ್ಗೋದು ಮೂಗಿಗೆ ಮಾತ್ರ ಕಣಮ್ಮ. ಅದು ಬೆಂಜೀನ್ ಇರ್ಬೇಕು. ಉಸಿರಲ್ಲೂ ಹೋಗುತ್ತೆ, ಚರ್ಮದಲ್ಲೂ ಇಳಿಯುತ್ತೆ. ರಕ್ತ ತಯಾರಾಗೋ ಮೂಳೆಯ ಮಜ್ಜೆಯನ್ನೇ ಹಾಳು ಮಾಡುತ್ತೆ. ಕೆಲವರಿಗೆ ರಕ್ತದ ಕ್ಯಾನ್ಸರ್ ಬರುತ್ತೆ. ಇವಳಿಗೆ ರಕ್ತ ಹುಟ್ಟೋದೇ ನಿಂತುಹೋಗ್ತಿದೆ."

"ಅಂಥಾ ವಿಷಾನ ಯಾಕಮ್ಮ ತಯಾರಿಸ್ತಾರೆ?"

"ಪ್ಲಾಸ್ಟಿಕ್ಕು, ನೈಲಾನು, ಬಣ್ಣ, ಔಷಧಿ, ಎಷ್ಟೋ ವಸ್ತು ಮಾಡೋಕೆ ಅದು ಬೇಕು. ಆದ್ರೆ ಅಲ್ಲಿ ಅದು ಮುಚ್ಚಿದ ಕೊಳವೆಗಳೊಳಗೆ ಇರುತ್ತೆ. ತೆರೆದ ಬಟ್ಟಲಲ್ಲಿ ಮನುಷ್ಯರ ಮೂಗಿನ ಕೆಳಗೆ ಇಡೋದಲ್ಲ."

ಮರುದಿನ ಬೆಳಗ್ಗೆ ಅಂಟಕ್ಕ ಡಬ್ಬ ಹಿಡಿದು ಮೇನೇಜರ ಮುಂದೆ ನಿಂತಳು. "ಇದರಲ್ಲಿ ಬೆಂಜೀನ್ ಇದ್ಯಾ ಸಾರ್?"

"ಚೀಟಿ ಓದ್ಕೊಳಮ್ಮ. ಮಾಮೂಲಿ ಥಿನ್ನರ್."

ಆ ಚೀಟಿಯ ಅಂಚು ಯಾಕೋ ದಪ್ಪಗಿತ್ತು. ಯಾವ ಅಂಟು ಯಾವುದಕ್ಕೆ ಬಿಡುತ್ತದೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕೆ? ಬಟ್ಟೆಯನ್ನು ಅದೇ ಥಿನ್ನರಿನಲ್ಲಿ ಒದ್ದೆ ಮಾಡಿ ಒತ್ತಿ ಹಿಡಿದಳು. ಮೇಲಿನ ಚೀಟಿ ಸಿಪ್ಪೆಯಂತೆ ಸುಲಿದು ಬಂತು. ಅಡಿಯಲ್ಲಿ ಇನ್ನೊಂದು ಚೀಟಿ. ತಲೆಬುರುಡೆ, ಬೆಂಕಿಯ ಗುರುತು, ದಪ್ಪಕ್ಷರದಲ್ಲಿ ಬೆಂಜೀನ್.

"ಅದು ಹಳೇ ಡಬ್ಬ ಕಣಮ್ಮ" ಎಂದರು ಮೇನೇಜರು.

ಅಂಟಕ್ಕ ಉಗ್ರಾಣಕ್ಕೆ ಹೋಗಿ ಒಂದೊಂದಾಗಿ ಹನ್ನೊಂದು ಡಬ್ಬಗಳ ಚೀಟಿ ಸುಲಿದಳು. "ಎಲ್ಲಾ ಹಳೇ ಡಬ್ಬಾನೇ ಸಾರ್?"

ನಮ್ಮ ಹೊಲಿಗೆ ಯಂತ್ರಗಳು ನಿಂತವು. ಆದರೂ ನಮ್ಮಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಂದು ಡಬ್ಬ ಹಿಡಿದು ಅವಳು ಕಾರ್ಖಾನೆ ತಪಾಸಣೆ ಕಚೇರಿಗೆ ಹೊರಟಳು. ಬೆಂಕಿ ಹತ್ತುವ ವಸ್ತುವೆಂದು ಬಸ್ಸಿಗೆ ಹತ್ತಿಸಲಿಲ್ಲ. ಕಂಡಕ್ಟರಿಗೆ ಗೊತ್ತಿದ್ದದ್ದು ಮೇನೇಜರಿಗೆ ಗೊತ್ತಿರಲಿಲ್ಲವಂತೆ! ಬಿಸಿಲಲ್ಲಿ ನಡೆದೇ ಹೋದಳು. ಅಧಿಕಾರಿ ಒಂದು ಖಾಲಿ ಅರ್ಜಿ ಕೈಗೆ ಕೊಟ್ಟು, "ಮುಂದಿನ ತಿಂಗಳು ನೋಡೋಣಮ್ಮ" ಎಂದರು. ಅಂಟಕ್ಕ ಡಬ್ಬವನ್ನು ಅವರ ಕಡತಗಳ ಪಕ್ಕ ಇಟ್ಟು ಮುಚ್ಚಳ ತೆಗೆದಳು.

"ಅಲ್ಲೀವರೆಗೂ ಇದು ಇಲ್ಲೇ ಇರ್ಲಿ ಸಾರ್. ಮಾಮೂಲಿ ಥಿನ್ನರ್ ಅಂತೆ, ಏನೂ ಆಗಲ್ವಂತೆ."

ಅಧಿಕಾರಿ ಅವತ್ತೇ ಮಧ್ಯಾಹ್ನ ಬಂದರು. ಗಾಳಿ ಪರೀಕ್ಷೆಯಾಯಿತು, ಎಲ್ಲರ ರಕ್ತ ತೆಗೆದರು. ಎಂಟು ಹೆಂಗಸರ ರಕ್ತ ಸರಿಯಿರಲಿಲ್ಲ, ಅಂಟಕ್ಕನದೂ ಅದರಲ್ಲಿತ್ತು. ಅಂಟು ಬದಲಾಯಿತು, ಫ್ಯಾನುಗಳು ಬಂದವು. ಮೇನೇಜರಿಗೆ ಬೇರೆ ಊರಿನ ಶಾಖೆಗೆ ವರ್ಗವಾಯಿತು, ಅದೂ ಬಡ್ತಿ ಕೊಟ್ಟು.

ತಂಗಿ ಏಳು ತಿಂಗಳು ಬೇರೆಯವರ ರಕ್ತದಲ್ಲಿ ಬದುಕಿದಳು. ಆಮೇಲೆ ಒಂದು ಸಣ್ಣ ಜ್ವರ ಬಂತು. ಅದನ್ನು ತಡೆಯುವ ಶಕ್ತಿ ಅವಳ ಮೈಯಲ್ಲಿ ಉಳಿದಿರಲಿಲ್ಲ. ವಯಸ್ಸು ಇಪ್ಪತ್ತೇಳು.

ಕಾರ್ಖಾನೆಯವರು ಸಂತಾಪ ಸಭೆ ಇಟ್ಟರು. ಹೊಸ ಮೇನೇಜರು ತಲೆ ತಗ್ಗಿಸಿ, "ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿರೋಣ" ಎಂದರು.

"ಇನ್ನೂ ಸುಮ್ನಿರ್ಬೇಕಾ?" ಎಂದಳು ಅಂಟಕ್ಕ. "ಆರು ತಿಂಗಳು ನನ್ ತಂಗಿ ಬಾಯಲ್ಲಿ ರಕ್ತ ಬರ್ತಿದ್ದಾಗ ಸುಮ್ನಿದ್ರಿ. ಚೀಟಿ ಮೇಲೆ ಚೀಟಿ ಹಚ್ಚಿದವನಿಗೆ ಬಡ್ತಿ ಕೊಟ್ಟು ಸುಮ್ನಿದ್ರಿ. ಅವನ ಹೆಸರು ಹೇಳ್ರಿ ಮೊದಲು!"

ಈ ಸಲ ನಾನು ಎದ್ದು ಅವಳ ಪಕ್ಕ ಹೋಗಿ ನಿಂತೆ. ಆ ಹಳೇ ಮೇನೇಜರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಬ್ಬಳು ಅದೇ ಹೆಸರು ಹೇಳಿದಳು.