ಆಯುಧಪೂಜೆಯ ಮಧ್ಯಾಹ್ನ ಮಾಡಿದ ಎಣಿಕೆ

ನನ್ನ ನೆನಪಿನ ಪ್ರಕಾರ ಅದು ಎಪ್ಪತ್ತನಾಲ್ಕನೇ ಇಸವಿ. ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿದರೆ ನಾನು ಆ ಹುದ್ದೆಗೆ ಸೇರಿದ್ದೇ ಎಪ್ಪತ್ತೈದರಲ್ಲಿ. ಎರಡರಲ್ಲಿ ಒಂದು ತಪ್ಪು. ರಿಜಿಸ್ಟರ್ ಸರಿಯಿರಬೇಕು. ಆದರೆ ಒಂದು ರಿಜಿಸ್ಟರನ್ನು ನಂಬಿ ನಾನು ಎಡವಿದ ಕಥೆಯೇ ಇದಾದ್ದರಿಂದ ಅದನ್ನು ಅಷ್ಟು ಸುಲಭವಾಗಿ ಒಪ್ಪಲು ಮನಸ್ಸಾಗುತ್ತಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಹೆಚ್ಚು ಕಾಲವಾಗಿರಲಿಲ್ಲ ಎಂಬುದು ಮಾತ್ರ ಖಚಿತ. ಕಚೇರಿಯಲ್ಲಿ ಮೈಸೂರು ಸರ್ಕಾರ ಎಂದು ಅಚ್ಚಾಗಿದ್ದ ಹಳೆಯ ಕಾಗದ ಇನ್ನೂ ಮುಗಿದಿರಲಿಲ್ಲ. ಅದರ ಮೇಲೇ ಹೊಸ ಹೆಸರಿನ ರಬ್ಬರ್ ಸ್ಟಾಂಪು ಒತ್ತಿ ಬಳಸುತ್ತಿದ್ದೆವು.

ಯೋಜನಾ ಕೆಲಸದ ಒಂದು ಕಚೇರಿಯಲ್ಲಿ ನಾನು ಅರ್ಥಶಾಸ್ತ್ರಜ್ಞ. ಶಾಲೆಗಳಿಗೂ ಕಸುಬಿನ ತರಬೇತಿಗೂ ಸರ್ಕಾರ ಮಾಡುವ ಖರ್ಚಿನಿಂದ ಏನು ಫಲ ಬರುತ್ತಿದೆ ಎಂದು ಲೆಕ್ಕ ಹಾಕಿ ಹೇಳುವುದು ಕೆಲಸ. ವಿಜಯನಗರದಲ್ಲಿ ಬಾಡಿಗೆ ಮನೆ. ಬಡಾವಣೆ ಆಗಿನ್ನೂ ತುಂಬಿರಲಿಲ್ಲ. ಸೈಟುಕಲ್ಲುಗಳ ನಡುವೆ ಯಾರೋ ಬಿತ್ತಿದ್ದ ಅವರೆ ಹೂ ಬಿಡುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ನಡೆಯುವಾಗ ಪ್ಯಾಂಟಿನ ಅಂಚು ಇಬ್ಬನಿಗೆ ಒದ್ದೆಯಾಗಿ, ಕಚೇರಿ ಮುಟ್ಟುವ ಹೊತ್ತಿಗೆ ಒಣಗಿರುತ್ತಿತ್ತು. ಅಂಥ ಒದ್ದೆಯಲ್ಲೇ ಆ ವರ್ಷವೆಲ್ಲ ನನಗೆ ನೆನಪಾಗುತ್ತದೆ.

ಆ ಸಲ ನನ್ನ ಮೇಜಿಗೆ ಬಂದ ಫೈಲು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಣ್ಣ ತರಬೇತಿ ಕೇಂದ್ರದ್ದು. ಟರ್ನರ್, ಫಿಟ್ಟರ್ ಎಂಬ ಎರಡು ಕಸುಬು, ಎರಡು ವರ್ಷದ ಕೋರ್ಸು. ಒಂದು ಬ್ಯಾಚಿಗೆ ನಲವತ್ತು ಜನ ಸೇರಿದ್ದರು. ಕೊನೆಯ ಪರೀಕ್ಷೆಗೆ ಕೂತವರು ಒಂಬತ್ತು. ಉಳಿದ ಮೂವತ್ತೊಂದು ಜನ ನಮ್ಮ ಭಾಷೆಯಲ್ಲಿ ವೇಸ್ಟೇಜ್. ಎಂದರೆ ಸರ್ಕಾರ ಕಲಿಸಲು ಖರ್ಚು ಮಾಡಿ, ಅವರು ಕಲಿಯದೆ ಹೋದದ್ದು. ಇಡೀ ಬ್ಯಾಚಿನ ಖರ್ಚನ್ನು ಒಂಬತ್ತರಿಂದ ಭಾಗಿಸಿದಾಗ ತಲೆಗೆ ಬೀಳುವ ವೆಚ್ಚ ಮೇಲಿನವರು ಹುಬ್ಬೇರಿಸುವಷ್ಟಾಯಿತು. ಮಾರ್ಚ್ ಕೊನೆಗೆ ಕೇಂದ್ರ ಮುಚ್ಚಬಹುದು ಎಂಬ ಟಿಪ್ಪಣಿ ಸಿದ್ಧವಾಗಿತ್ತು. ಬಿಟ್ಟುಹೋದವರ ಊರಿನ ವಿಳಾಸಕ್ಕೆಲ್ಲ ಜವಾಬು ಕಾರ್ಡು ಕಳಿಸಿದ್ದೆವು. ಬಹುಪಾಲಿಗೆ ಉತ್ತರವೇ ಬಂದಿರಲಿಲ್ಲ.

ನನ್ನ ಮೇಲಧಿಕಾರಿ ಶ್ರೀನಿವಾಸಯ್ಯನವರು ಕೆಟ್ಟವರಲ್ಲ. ಕನ್ನಡಕ ಒರೆಸುತ್ತ ಹೇಳಿದರು: "ಹೋಗಿ ಒಂದ್ಸಲ ನೋಡ್ಕೊಂಡ್ ಬಂದ್ಬಿಡಿ. ನೋಡಿಯೇ ಮುಚ್ಚಿದ್ವಿ ಅಂತಲಾದ್ರೂ ಬರೀಬಹುದು."

ಮೊದಲ ಭೇಟಿಯಲ್ಲಿ ಕಂಡದ್ದು ಗರಗಸದ ಹಲ್ಲಿನಂಥ ಚಾವಣಿ, ಅದರ ಗಾಜಿನಿಂದ ಇಳಿಯುವ ಬೂದು ಬೆಳಕು, ಆ ಬೆಳಕಿನಲ್ಲಿ ನಿಧಾನವಾಗಿ ತೇಲುವ ಕಬ್ಬಿಣದ ಪುಡಿ. ಗೋಡೆಯುದ್ದಕ್ಕೂ ಬೆಂಚು, ಬೆಂಚಿಗೆ ಬಿಗಿದ ಹನ್ನೆರಡು ವೈಸ್‌ಗಳು. ಕಬ್ಬಿಣವನ್ನು ಕಚ್ಚಿ ಹಿಡಿಯುವ ಆ ಇಕ್ಕಳಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಏಳನೆಯದರ ಮುಂದೆ ಒಬ್ಬ ಹುಡುಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರ ಹಿಡಿದು ಕಬ್ಬಿಣದ ತುಂಡೊಂದನ್ನು ಉಜ್ಜುತ್ತಿದ್ದಳು. ತಲೆಯೆತ್ತಲಿಲ್ಲ. ಆ ಸದ್ದು ಮಾತ್ರ ಉಸಿರಾಟದ ಹಾಗೆ ಒಂದೇ ಸಮನೆ ಬರುತ್ತಿತ್ತು.

ಕಲಿಸುವವರು ರುದ್ರಮುನಿ ಮಾಸ್ತರು, ರಾಣೆಬೆನ್ನೂರಿನ ಕಡೆಯವರು. ಹಣೆಯ ವಿಭೂತಿಗೆ ಸದಾ ಒಂದಿಷ್ಟು ಮೆಷಿನ್ ಎಣ್ಣೆ ಹತ್ತಿರುತ್ತಿತ್ತು. ನಾನು ರಿಜಿಸ್ಟರ್ ತೆರೆದು, ಕೆಂಪು ಗೆರೆ ಎಳೆದ ಹೆಸರುಗಳನ್ನು ತೋರಿಸಿ, ಇವರೆಲ್ಲ ಎಲ್ಲಿ ಹೋದರು ಎಂದೆ.

"ಎಲ್ಲಿಗಿ ಹೋಗ್ತಾರ್ರಿ ಸಾಹೇಬ್ರ? ಇಲ್ಲೇ ಅದಾರ."

"ಇಲ್ಲೇ ಅಂದ್ರೆ? ವಿಳಾಸ ಇದೆಯಾ?"

"ವಿಳಾಸ ಎದಕ್ಕ ಬೇಕ್ರಿ? ಆಯುಧಪೂಜಿ ದಿನ ಮಧ್ಯಾಹ್ನ ಬರ್ರಿ. ತಾವಾಗೇ ಬರ್ತಾರ."

ನಮ್ಮ ಕಚೇರಿಯ ಪೂಜೆ ಹಿಂದಿನ ದಿನವೇ ಮುಗಿದಿತ್ತು. ಲೆಕ್ಕದ ಯಂತ್ರಕ್ಕೆ ಯಾರೋ ಭಕ್ತಿ ಹೆಚ್ಚಾಗಿ ಅರಿಶಿನ ಕುಂಕುಮ ಬಳಿದು, ಅದರ ಎಂಟರ ಕೀಲಿ ಅಂಟಿಕೊಂಡಿತ್ತು. ಆಯುಧಪೂಜೆಯ ದಿನ ನನಗೆ ಸಣ್ಣ ಜ್ವರ. ಮುಂದೆ ಹೇಳುವುದರಲ್ಲಿ ಜ್ವರದ ಪಾಲೆಷ್ಟು ಎಂದು ಹೇಳಲಾರೆ. ರಾಜಾಜಿನಗರದ ಬೀದಿಗಳಲ್ಲಿ ಒಡೆದ ಬೂದುಗುಂಬಳದ ತಿರುಳು, ಕುಂಕುಮ, ಬಾಳೆಕಂದು ಕಟ್ಟಿಕೊಂಡು ನಿಂತ ಲಾರಿಗಳು. ಯಂತ್ರಗಳೆಲ್ಲ ನಿಂತುಹೋದ ಆ ಮಧ್ಯಾಹ್ನ ಇಡೀ ಪ್ರದೇಶ ನೀರಿನ ಅಡಿಯಲ್ಲಿ ಇದ್ದ ಹಾಗೆ ಇತ್ತು. ನನ್ನ ಚಪ್ಪಲಿಯ ಸದ್ದು ನನಗೇ ದೂರದಿಂದ ಕೇಳಿಸುತ್ತಿತ್ತು.

ಅವರು ನಿಜವಾಗಿಯೂ ಬಂದರು. ಒಬ್ಬೊಬ್ಬರಾಗಿ, ಸೈಕಲ್ಲಿನಲ್ಲಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಷರಟು ಹಾಕಿ. ಬೆಳಿಗ್ಗೆ ತಮ್ಮ ತಮ್ಮ ವರ್ಕ್‌ಶಾಪುಗಳ ಪೂಜೆ ಮುಗಿಸಿ, ಅರ್ಧ ದಿನದ ರಜೆಯಲ್ಲಿ, ತಾವು ಮೊದಲು ಕಲಿತ ಮೆಷಿನ್ನಿಗೆ ಒಂದು ಹೂವಿಡಲು ಬರುತ್ತಿದ್ದರು. ಅದು ಅಲ್ಲಿಯ ಪದ್ಧತಿ. ಯಾರು ಶುರು ಮಾಡಿದರೋ ಮಾಸ್ತರಿಗೂ ಗೊತ್ತಿರಲಿಲ್ಲ. ಪ್ರತಿಯೊಬ್ಬನ ಕೈಯಲ್ಲೂ ತನ್ನ ವರ್ಕ್‌ಶಾಪಿನಲ್ಲಿ ಕೊಟ್ಟ ಪುರಿ, ಕಡ್ಲೆ, ಬತ್ತಾಸಿನ ಪೊಟ್ಟಣ. ಎಲ್ಲವನ್ನೂ ಒಂದು ದೊಡ್ಡ ತಟ್ಟೆಗೆ ಸುರಿದು, ಕಲೆಸಿ, ಬಂದವರಿಗೆ ಹಂಚುತ್ತಿದ್ದರು.

"ಏನ್ ಗುರು, ಇನ್ನೂ ಅದೇ ಸೈಕಲ್ಲಾ? ಓನರ್ ಆಗ್ತೀನಿ ಅಂದಿದ್ದೆ?"

"ಆಗ್ತೀನಿ ಕಣೋ ಮಗಾ, ಓನರ್‌ಗೆ ಒಬ್ಳೇ ಮಗಳು."

"ಅವಳು ನಿನ್ ಮುಖ ನೋಡಿದಾಳಾ?"

"ಅದಕ್ಕೇ ಲೇಟಾಗ್ತಿರೋದು."

ನಾನು ಪುಸ್ತಕ ತೆಗೆದು, ಕಬ್ಬಿಣ ಕಡೆಯುವ ಲೇತ್‌ಗೆ ಸೇವಂತಿಗೆ ಸಿಕ್ಕಿಸುತ್ತಿದ್ದ ಒಬ್ಬನನ್ನು ಕೋರ್ಸು ಯಾಕೆ ಬಿಟ್ಟೆ ಎಂದು ಕೇಳಿದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. "ಎಂಟು ತಿಂಗ್ಳಿಗೆ ಲೇತ್ ಕೈಗೆ ಬಂತು ಸಾರ್. ನಾಯಂಡಹಳ್ಳಿಯಿಂದ ಓನರ್ರೇ ಗೇಟಿಗೆ ಬಂದು ಕರ್ಕೊಂಡ್ ಹೋದ್ರು. ಇನ್ನೊಂದು ವರ್ಷ ಕಾಗದಕ್ಕೆ ಕಾಯೋಕೆ ಮನೇಲಿ ಒಪ್ತಾರಾ?"

ಸಂಜೆಯ ಹೊತ್ತಿಗೆ ಬಂದವರು ಇಪ್ಪತ್ತಮೂರು ಎಂದು ನೆನಪು. ಆ ದಿನದ ಪುಸ್ತಕದಲ್ಲಿ ಇಪ್ಪತ್ತಾರು ಎಂದಿದೆ. ಯಾವುದೇ ಆಗಲಿ, ಒಬ್ಬನನ್ನು ಬಿಟ್ಟು ಎಲ್ಲರೂ ಕಲಿತ ಕೆಲಸವನ್ನೇ ಮಾಡುತ್ತಿದ್ದರು. ನಾವು ವೇಸ್ಟೇಜ್ ಎಂದು ಕರೆದದ್ದೇ ಆ ಕೇಂದ್ರದ ಫಲ. ಕರ್ಪೂರದ ಹೊಗೆಯಲ್ಲಿ ಇಳಿಬಿಸಿಲು ಕೆಂಪಾಗಿತ್ತು. ನನ್ನ ಬೊಗಸೆಗೆ ಯಾರೋ ಪುರಿ ಹಾಕಿದರು. ತಿನ್ನುತ್ತ ಬರೆದೆ, ಬರೆಯುತ್ತ ತಿಂದೆ. ಆ ಹಾಳೆಗಳ ಮೇಲೆ ಬತ್ತಾಸಿನ ಅಂಟು ಈಗಲೂ ಇದೆ.

ಶ್ರೀನಿವಾಸಯ್ಯನವರಿಗೆ ಹೇಳಿದಾಗ ಅವರು ಮೇಜು ಕುಟ್ಟಿ ನಕ್ಕರು. "ಹಾಗಾದ್ರೆ ಮುಚ್ಚೋದ್ ಬೇಡ. ಎಂಟು ತಿಂಗ್ಳಲ್ಲಿ ಕಲೀತಾರೆ ಅಂದ್ರೆ ಎರಡು ವರ್ಷ ಯಾಕ್ರೀ ಇಟ್ಕೋಬೇಕು?" ಮಾತು ತರ್ಕಬದ್ಧವಾಗಿತ್ತು. ಏಪ್ರಿಲ್‌ನಿಂದ ಎಂಟು ತಿಂಗಳ ಕೋರ್ಸು, ಎರಡನೆಯ ವರ್ಷ ರದ್ದು, ಅದರ ಪರೀಕ್ಷೆಯೂ ಸರ್ಟಿಫಿಕೇಟೂ ರದ್ದು, ಅಷ್ಟೇ ಖರ್ಚಿಗೆ ಎರಡು ಪಾಲಿಗಿಂತ ಹೆಚ್ಚು ಜನರಿಗೆ ತರಬೇತಿ. ನಾನು ಅಷ್ಟು ಚೆಂದದ ಟಿಪ್ಪಣಿಯನ್ನು ಮೊದಲು ಬರೆದಿರಲಿಲ್ಲ. ಸಹಿ ಹಾಕಿ ಮೇಲಕ್ಕೆ ಕಳಿಸಿದೆ.

ಕೇಂದ್ರ ಉಳಿಯಿತೆಂಬ ಸುದ್ದಿಯನ್ನು ನಾನೇ ಹೇಳಬೇಕೆನಿಸಿ ರಾಜಾಜಿನಗರಕ್ಕೆ ಹೋದೆ. ರುದ್ರಮುನಿ ಮಾಸ್ತರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಬಿಟ್ಟಾಗ ನನ್ನ ಅಂಗೈಯೂ ಕಪ್ಪಾಗಿತ್ತು. ಕಾಫಿ ತರಿಸುತ್ತೇನೆಂದು ಅವರು ಹೊರಗೆ ಹೋದರು. ಏಳನೇ ವೈಸ್‌ನಿಂದ ಬರುತ್ತಿದ್ದ ಅರದ ಸದ್ದು ನಿಂತಿತು.

ಅವಳ ಹೆಸರು ಗಿರಿಜಾ. ಆ ವರ್ಷ ಎರಡನೆಯ ವರ್ಷಕ್ಕೆ ಬಂದಿದ್ದ ಬ್ಯಾಚಿನಲ್ಲಿ ಒಬ್ಬಳೇ ಹುಡುಗಿ. ಜುಲೈಯಲ್ಲಿ ಅವಳ ಪರೀಕ್ಷೆ.

"ಏಪ್ರಿಲ್‌ಗೆ ಎರಡನೇ ವರ್ಷ ನಿಲ್ಲುತ್ತೆ ಅಂದ್ರಿ. ನಮ್ ಪರೀಕ್ಷೆ ಏನಾಗುತ್ತೆ ಸಾರ್?"

ನಿನಗೂ ಈಗಲೇ ಕೆಲಸ ಸಿಗಬಹುದಲ್ಲಮ್ಮ, ಎಲ್ಲರಿಗೂ ಸಿಕ್ಕಿದೆ ಎಂದೆ.

"ಹನ್ನೊಂದು ವರ್ಕ್‌ಶಾಪಿಗೆ ಹೋಗ್‌ಬಂದೆ ಸಾರ್. ಮಾಡ್ಸಿ ನೋಡ್ತಾರೆ, ಚೆನ್ನಾಗ್ ಮಾಡ್ತೀಯಮ್ಮ ಅಂತಾರೆ. ಆಮೇಲೆ ಹೆಣ್ಮಗಳನ್ನ ಎಲ್ಲಿ ನಿಲ್ಸೋದು, ನಿಮ್ಮಣ್ಣ ಇದ್ರೆ ಕಳ್ಸು ಅಂತಾರೆ. ನಂಗೆ ಅಣ್ಣ ಇಲ್ಲ." ಅವಳು ಬೆರಳಿಂದ ಕಬ್ಬಿಣದ ತುಂಡಿನ ಅಂಚು ಸವರಿ ನೋಡಿದಳು. "ದೊಡ್ಡ ಸರ್ಕಾರಿ ಫ್ಯಾಕ್ಟ್ರಿಲಿ ಸರ್ಟಿಫಿಕೇಟ್ ಮಾರ್ಕ್ಸ್ ನೋಡಿ ಲಿಸ್ಟ್ ಹಾಕ್ತಾರಂತೆ. ಅದಕ್ಕೇ ಇಲ್ಲಿ ಇದೀನಿ."

ನಾನು ಏನೋ ಹೇಳಲು ಹೊರಟೆ. ಅವಳು ಮುಂದುವರಿಸಿದಳು.

"ಅವತ್ತು ಕೋರ್ಸು ಬಿಟ್ಟು ಹೋದವ್ರನ್ನೆಲ್ಲ ಎಣಿಸ್ಕೊಂಡ್ ಹೋದ್ರಿ. ನಾನೂ ಇಲ್ಲೇ ನಿಂತಿದ್ದೆ ಸಾರ್. ನಿಮ್ ಕೈಗೆ ಪುರಿ ಹಾಕಿದ್ದೇ ನಾನು."

ಇದನ್ನು ಅವಳು ಹೀಗೆಯೇ ಹೇಳಿದಳೇ? ಇಷ್ಟು ವರ್ಷಗಳಲ್ಲಿ ನಾನು ಆ ಮಾತನ್ನು ಎಷ್ಟು ಸಲ ಉಜ್ಜಿದ್ದೇನೆಂದರೆ ಅದರ ಅಂಚುಗಳೆಲ್ಲ ನುಣುಪಾಗಿವೆ. ಅವಳ ದನಿ ಎಲ್ಲಿ, ನನ್ನ ದನಿ ಎಲ್ಲಿ ಎಂದು ಬೇರ್ಪಡಿಸಲಾರೆ. ಆಯುಧಪೂಜೆಯ ಆ ಮಧ್ಯಾಹ್ನವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಹೊಗೆ, ಸೇವಂತಿಗೆ, ಸೈಕಲ್ಲುಗಳು, ನಗುವ ಮುಖಗಳು. ನನ್ನ ಬೊಗಸೆಯ ಮೇಲೆ ಒಂದು ಕೈ. ಆ ಕೈಯಲ್ಲಿ ಎರಡು ಗಾಜಿನ ಬಳೆ. ಬಳೆಗಳನ್ನು ಆಮೇಲೆ ನಾನೇ ತೊಡಿಸಿದ್ದಿರಬಹುದು. ಮುಖ ಮಾತ್ರ ಬರಲಿಲ್ಲ. ಅವತ್ತು ನಾನು ನೋಡಿರಲೇ ಇಲ್ಲ. ಬಿಟ್ಟುಹೋದವರನ್ನು ಹುಡುಕುವುದರಲ್ಲಿ ಮುಳುಗಿದ್ದೆ. ಪರೀಕ್ಷೆಯವರೆಗೆ ನಿಲ್ಲುವ ಒಂಬತ್ತು ಜನ ಯಾಕೆ ನಿಲ್ಲುತ್ತಾರೆಂದು ಯಾರನ್ನೂ ಕೇಳಿರಲಿಲ್ಲ. ಕೋಷ್ಟಕದಲ್ಲಿ ಅವರು ಮೊದಲಿನಿಂದಲೂ ಇದ್ದರಲ್ಲ, ಅದಕ್ಕೆ.

ಮಾಸ್ತರು ತರಿಸಿದ ಕಾಫಿ ಬಂತು. ಕುಡಿದೆನೋ ಇಲ್ಲವೋ.

ಫೈಲು ಆಗಲೇ ಮೇಲೆ ಹೋಗಿತ್ತು. ಸರ್ಕಾರಿ ಫೈಲಿನ ಟಿಪ್ಪಣಿ ಹಾಳೆಗಳಿಗೆ ಪುಟಸಂಖ್ಯೆ ಇರುತ್ತದೆ. ಬರೆದದ್ದನ್ನು ಹರಿಯುವ ಹಾಗಿಲ್ಲ, ಹೊಡೆದುಹಾಕುವ ಹಾಗಿಲ್ಲ. ಅದರ ಕೆಳಗೆ ಮತ್ತೆ ಬರೆಯಬಹುದು, ಅಷ್ಟೇ. ವಾಪಸು ತರಿಸಿಕೊಂಡು, ನನ್ನದೇ ಸಹಿಯ ಕೆಳಗೆ, ಮೇಲಿನ ಟಿಪ್ಪಣಿ ಅಪೂರ್ಣ ಎಂದು ಬರೆದೆ. ವರ್ಕ್‌ಶಾಪಿನವರು ಬೇಗ ಕರೆದುಕೊಂಡು ಹೋಗುವವರಿಗೆ ಎಂಟು ತಿಂಗಳು ಸಾಕು. ಅವರು ಗೇಟಿನಲ್ಲೇ ತಿರಸ್ಕರಿಸುವವರಿಗೆ ಸರ್ಟಿಫಿಕೇಟೇ ದಾರಿ. ಎರಡು ಕೋರಿಕೆ ಇಟ್ಟೆ: ಈಗಿನ ಬ್ಯಾಚಿಗೆ ಜುಲೈ ಪರೀಕ್ಷೆ ನಡೆಯಬೇಕು, ಮುಂದೆಯೂ ಬಯಸಿದವರಿಗೆ ಎರಡನೆಯ ವರ್ಷ ಇರಬೇಕು.

ಶ್ರೀನಿವಾಸಯ್ಯನವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಏನ್ರೀ ಇದು, ಒಂದೇ ಪುಟದಲ್ಲಿ ನಿಮಗೆ ನೀವೇ ಆಕ್ಷೇಪಣೆ ಹಾಕ್ಕೊಂಡಿದೀರ?"

"ಹೌದು ಸಾರ್. ಒಬ್ಬರನ್ನ ಎಣಿಸೋದು ಬಿಟ್ಟುಹೋಗಿತ್ತು."

"ಒಬ್ಬರನ್ನಾ?" ಅವರು ಕನ್ನಡಕ ತೆಗೆದರು. "ನಿಮ್ ಪ್ರಮೋಷನ್ ಫೈಲು ಹೋಗೋದೂ ಇದೇ ವರ್ಷ, ಗೊತ್ತಲ್ಲ? ನೋಡಿದವರು ಏನಂತಾರೆ?" ಹಾಗೆನ್ನುತ್ತಲೇ ಸಹಿ ಹಾಕಿದರು. ಪ್ರಮೋಷನ್ ಆ ವರ್ಷ ಬರಲಿಲ್ಲ. ಅದಕ್ಕೆ ಇದೇ ಕಾರಣವೆಂದು ಹೇಳಿಕೊಂಡರೆ ಕಥೆ ಚೆನ್ನಾಗಿರುತ್ತದೆ. ನನಗೆ ನಿಜವಾಗಿಯೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಆದೇಶ ಬಂತು. ಮೊದಲ ಕೋರಿಕೆ ಒಪ್ಪಿದ್ದರು. ಎರಡನೆಯದರ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಒಂದೇ ಮಾತು: ಅವಶ್ಯವಿಲ್ಲ.

ಮುಂದಿನ ಆಯುಧಪೂಜೆಗೆ ಮತ್ತೆ ಹೋದೆ. ಈ ಸಲ ಜ್ವರವಿರಲಿಲ್ಲ, ಆದರೂ ಬೀದಿಗಳು ಹಾಗೆಯೇ ತೇಲುತ್ತಿದ್ದವು. ಷೆಡ್ಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಒಂದು ಮೆಷಿನ್ನಿಗೂ ಹೂವಿಲ್ಲ, ಏಳನೇ ವೈಸ್‌ನ ಹೊರತು. ಅದರ ಕಚ್ಚುವ ಬಾಯಿಯಲ್ಲಿ ಒಂದು ಹಳದಿ ಸೇವಂತಿಗೆಯನ್ನು, ದಳ ನಲುಗದಷ್ಟು ಹದವಾಗಿ ಬಿಗಿದಿದ್ದರು.

"ಮುಂಜಾನೆನ ಬಂದು ಹೋದ್ಲರಿ ಗಿರಿಜಾ," ಎಂದರು ಮಾಸ್ತರು. "ಅಪ್ರೆಂಟಿಸ್ ಅಂತ ತಗೊಂಡಾರ. ಫ್ಯಾಕ್ಟ್ರಿಯಾಗ ಪೂಜಿ ಐತಿ, ಲಗೂನ ಹೋಗಬೇಕು ಅಂದ್ಲು. ಪೊಟ್ಟಣ ನಿನ್ನಿನೇ ಕೊಟ್ಟಿದ್ರಂತ, ನಿಮಗಂತ ಇಟ್ಟು ಹೋಗ್ಯಾಳ."

ಮೇಜಿನ ಮೇಲೆ ಪೊಟ್ಟಣ ಇತ್ತು, ಅದರ ಕೆಳಗೆ ಸರ್ಟಿಫಿಕೇಟಿಲ್ಲದ ಎಂಟು ತಿಂಗಳ ಹೊಸ ಕೋರ್ಸಿನ ರಿಜಿಸ್ಟರ್. ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ರಿಜಿಸ್ಟರ್ ತೆರೆದೆ. ಅದು ನನ್ನ ವೃತ್ತಿಯ ಚಾಳಿ. ಸೇರಿದವರು ನಲವತ್ತು, ಬಿಟ್ಟವರು ಇಬ್ಬರು. ಅಷ್ಟು ಸ್ವಚ್ಛವಾದ ಪುಟವನ್ನು ನಾನು ಆ ಕೇಂದ್ರದಲ್ಲಿ ಕಂಡೇ ಇರಲಿಲ್ಲ. ಬೆರಳಿಟ್ಟು ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಓದಿದೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಒಂದೂ ಹುಡುಗಿಯ ಹೆಸರಿರಲಿಲ್ಲ.

ಅಂದಿನಿಂದ ನಿವೃತ್ತಿಯಾಗುವವರೆಗೆ, ಯಾವ ಕೋಷ್ಟಕ ಬಂದರೂ ಮೊದಲು ಅದರಲ್ಲಿ ತುಂಬಾ ಅಚ್ಚುಕಟ್ಟಾಗಿ ಕಾಣುವ ಸಾಲನ್ನೇ ಹಿಡಿದು, ಇಲ್ಲಿಗೆ ಯಾರು ಬರಲೇ ಇಲ್ಲ ಎಂದು ಕೇಳುತ್ತಿದ್ದೆ. ಕಿರಿಯರು ಬೇಸರಪಡುತ್ತಿದ್ದರು. ಉತ್ತರ ಕಾಗದದಲ್ಲಿ ಸಿಗುವಂಥದ್ದಲ್ಲ, ಅದಕ್ಕೆ ಎದ್ದು ಹೋಗಬೇಕಾಗುತ್ತಿತ್ತು.

ಅವತ್ತು ರಿಜಿಸ್ಟರ್ ಮುಚ್ಚಿ ಪೊಟ್ಟಣ ಬಿಚ್ಚಿದೆ. ಪುರಿ ಇನ್ನೂ ಗರಿಗರಿಯಾಗಿತ್ತು.