ಕಾವೇರಿಯ ರೀಲು, ಶೇವಂತೆವ್ವನ ಮುಖ

ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಯಲ್ಲಿ ಬೆಳಗು ಹರಿಯುವ ಹೊತ್ತಿಗೇ ಕಾವೇರಿಯ ಕೈ ಓಡುತ್ತಿದೆ. ಹಸಿರು ಕಾಯಿ ಒಂದು ಕಡೆ, ಹಣ್ಣು ಒಂದು ಕಡೆ, ಕಲೆ ಬಿದ್ದದ್ದು ಉಪ್ಪಿನಕಾಯಿಗೆ. ದಿನಕ್ಕೆ ಹತ್ತು ಚೀಲ ಆರಿಸುವ ಈ ಹೆಣ್ಣುಮಗಳ ಕಣ್ಣು ಇಂದು ಮಾತ್ರ ಗೇಟಿನ ಮೇಲೆ. ಸೊಂಟದ ಚೀಲದಲ್ಲಿ ಒಂದು ಫೋಟೋ ಇದೆ. ಅದರ ಒಡತಿ ಶೇವಂತೆವ್ವ ಇನ್ನೂ ಬಂದಿಲ್ಲ.

ಅದೇ ಚೀಲದಲ್ಲಿ ಕ್ಯಾಮೆರಾವೂ ಇದೆ. ಅಂಗೈಯಗಲದ್ದು, ಅರ್ಧ ಶತಮಾನ ಹಳೆಯದು, ರೀಲು ಹಾಕುವಂಥದ್ದು. ಝಳಕಿಯ ಗುಜರಿ ವ್ಯಾಪಾರಿ ಜುಲ್ಫಿಕರನ ತಕ್ಕಡಿಯಿಂದ ಪಾರಾಗಿ ಬಂದದ್ದು! ಮನೆಯ ಟ್ರಂಕಿನಲ್ಲಿ ಇಂಥವು ಇನ್ನೂ ನಾಲ್ಕಿವೆ. ಕೆಟ್ಟವುಗಳ ಬಿಡಿಭಾಗ ಬದುಕಿರುವವಕ್ಕೆ. ರೀಲನ್ನು ಅಡುಗೆಮನೆಯಲ್ಲಿ ಕತ್ತಲು ಮಾಡಿಕೊಂಡು ತಾನೇ ತೊಳೆಯುತ್ತಾಳೆ, ಪ್ರಿಂಟಿಗೆ ಮಾತ್ರ ವಿಜಯಪುರಕ್ಕೆ ಹೋಗಬೇಕು. ಕೂಲಿಯಲ್ಲೇ ಮನೆ ನಡೆಯಬೇಕಾದ್ದರಿಂದ ರೀಲು ಕೊಂಡ ವರ್ಷ ಹಬ್ಬಕ್ಕೆ ಹೊಸ ಸೀರೆಯಿಲ್ಲ.

“ಹುಚ್ಚ ಹಿಡದೈತಿ ಅಂತಾರ್ರಿ. ಹಿಡೀಲಿ ಬಿಡ್ರಿ!” ಎನ್ನುತ್ತಾಳೆ ಕಾವೇರಿ, ವರದಿಗೆಂದು ಬಂದ ನನಗೆ.

ಕ್ಯಾಮೆರಾದ ಕಿಟಕಿಯಲ್ಲಿ ನೋಡಿದರೆ ಎದುರಿನವರು ಇಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಇಬ್ಬರೂ ಕೂಡಿ ಒಬ್ಬರಾಗುತ್ತಾರೆ; ಆಗ ಗುಂಡಿ ಒತ್ತಬೇಕು. “ಒಂದಾದ್ರಂದ್ರ ಮೈ ಝುಂ ಅಂತೈತ್ರಿ!”

ಇಲ್ಲಿನ ಹಿರಿಯಾಳು ಶೇವಂತೆವ್ವ ಮಾತ್ರ ಫೋಟೋ ಎಂದರೆ ಮಾರು ದೂರ ಓಡುವವಳು. ದೃಷ್ಟಿ ತಾಗುತ್ತದೆಂಬ ಭಯ. ಕಳೆದ ತಿಂಗಳು ಒಂದು ಷರತ್ತಿನ ಮೇಲೆ ಒಪ್ಪಿದಳು: ಮೊದಲು ತನಗೂ ಕ್ಯಾಮೆರಾಕ್ಕೂ ಲಿಂಬೆ ನಿವಾಳಿಸಬೇಕು. ಲಿಂಬೆಗೆ ಹಚ್ಚಿದ ಕುಂಕುಮ ಉದುರೀತೆಂದು ಕಾವೇರಿ ಲೆನ್ಸಿಗೆ ಮುಚ್ಚಳ ಹಾಕಿ ನಿವಾಳಿಸಿದಳು, ಆಮೇಲೆ ಅದನ್ನು ತೆಗೆಯುವುದನ್ನೇ ಮರೆತಳು. ಈ ಕ್ಯಾಮೆರಾದಲ್ಲಿ ಕಿಟಕಿ ಬೇರೆ, ಲೆನ್ಸು ಬೇರೆ. ಕಣ್ಣಿಗೆ ಎಲ್ಲ ನಿಚ್ಚಳವಾಗಿ ಕಂಡಿತು, ರೀಲಿಗೆ ಏನೂ ಬೀಳಲಿಲ್ಲ.

“ದೇವರಿಗೇ ಬ್ಯಾಡಾಗಿತ್ತ. ಇನ್ನ ಕೇಳಬ್ಯಾಡ” ಎಂದು ಶೇವಂತೆವ್ವ ಮುಖ ತಿರುವಿದಳು. ಕಾವೇರಿ ಬಿಡುವ ಪೈಕಿಯೇ? ಕಾಡಿ ಬೇಡಿ ಹೋದ ವಾರ ಮತ್ತೆ ಕೂರಿಸಿದಳು. ಈ ಸಲ ಮುಚ್ಚಳವನ್ನು ಶೇವಂತೆವ್ವನೇ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಅಗೋ, ಬಂದಳು! ಕಾವೇರಿ ಫೋಟೋ ಕೊಡುತ್ತಾಳೆ. ನಾನೂ ಬಗ್ಗಿ ನೋಡುತ್ತೇನೆ. ಹಚ್ಚೆಯ ಹಣೆ, ಗಂಟಿಕ್ಕಿದ ಹುಬ್ಬು, ಬಿಗಿದ ಮುಷ್ಟಿ, ಎಲ್ಲ ಅಚ್ಚೊತ್ತಿದಂತೆ ಬಂದಿವೆ. ಮುದುಕಿ ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಾಳೆ.

“ಎವ್ವಾ, ನಾ ಇಷ್ಟ ಸಿಟ್ಟಿನಾಕಿ ಏನ?”

“ಹೌದ!” ಎಂದು ಸುತ್ತಲಿನ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ.

“ಹಂಗಾರ ಇನ್ನೊಂದ ತಗಿ. ನಗ್ತೇನಿ.”

ಕಾವೇರಿ ನನ್ನತ್ತ ತಿರುಗುತ್ತಾಳೆ. ಕಣ್ಣು ತುಂಬಿವೆ.

“ಇಷ್ಟ ದಿನಾ ನಾ ಬೇಡಾಕತ್ತಿದ್ದೆ. ಇವತ್ತ ಆಕೀನ ಕೇಳ್ಯಾಳ್ರಿ!”